ಮನೆಮನೆಯ ಮಾತು: ಕೋವಿಗೊಬ್ಬ ವಾರಸುದಾರ

ಹಿಂದಿನ ಸಂಚಿಕೆಯಲ್ಲಿ ಊರಿನಿಂದ ಮುಂಬಯಿಗೆ ಬಂದು ಸೇರಿದ ತಾಮ್ರ ಹಿತ್ತಾಳೆಯ ಪಾತ್ರೆಗಳ ವಿಚಾರವಾಗಿ ನಾವು ನಾಲ್ಕು ಮಾತು ಬರೆದಿದ್ದೆವು. ಅದನ್ನು ಓದಿದ ಮುಲುಂಡಿನ ಹಿರಿಯರೊಬ್ಬರು ಫೋನು ಮಾಡಿದರು. "ಪಾತ್ರೆ ಪಡಗದ ಮಾತಾಯಿತು, ಮಾರಾಯರೇ. ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಅದರ ಮಾತನ್ನೂ ಒಂದಿಷ್ಟು ಬರೆಯಬಾರದೇ? ನೀವು ಸರ್ಕಾರಿ ಕಚೇರಿಯವರು, ಕಾಗದಪತ್ರ ಬಲ್ಲವರು. ನನಗೂ ಸ್ವಲ್ಪ ಕೆಲಸವಿದೆ" ಎಂದರು.

ಕಾಗದಪತ್ರದ ಹೆಸರು ಕೇಳಿದರೆ ಗುಮಾಸ್ತನ ಕಿವಿ ನಿಮಿರುವುದು ಸಹಜ. ಭಾನುವಾರ ಲೋಕಲ್ ಗಾಡಿ ಹಿಡಿದು ಹೊರಟೆವು.

ಹಿರಿಯರು ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದ ಮನೆತನದವರು. 1971ರಲ್ಲಿ ಗಿರಣಿಯೊಂದರ ಕಚೇರಿಯಲ್ಲಿ ಕೆಲಸ ಹಿಡಿದು ಇಲ್ಲಿಗೆ ಬಂದವರು ಇಲ್ಲಿಯವರೇ ಆಗಿಬಿಟ್ಟರು. ಈಗ 76 ವರ್ಷ. ಅವರನ್ನು ಗೌಡರೆಂದೇ ಕರೆಯೋಣ. ಮನೆಗೆ ಹೋದಾಗ ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಕೋವಿಯಲ್ಲ, ಕಿಟಕಿಯ ಬಳಿ ಇದ್ದ ಹಳೆಯ ತಾಮ್ರದ ಕೊಡ. ಅದರಲ್ಲಿ ಮಣ್ಣು ತುಂಬಿ ಗಿಡ ಬೆಳೆಸಿದ್ದರು. ಇಷ್ಟು ಒಳ್ಳೆಯ ಕೊಡಕ್ಕೆ ಮಣ್ಣು ತುಂಬಿದ್ದಾರಲ್ಲ ಎಂದು ಮನಸ್ಸಿನಲ್ಲೇ ಮರುಗಿದೆವು. ಅದರ ಕಾರಣ ಆಮೇಲೆ ತಿಳಿಯಿತು.

ಕಾಫಿಯಾದ ಮೇಲೆ ಗೌಡರು ಕಬ್ಬಿಣದ ಕಪಾಟಿನ ಬೀಗ ತೆಗೆದು ಕ್ಯಾನ್‌ವಾಸಿನ ಚೀಲವೊಂದನ್ನು ಹೊರತೆಗೆದರು. ಅದರೊಳಗೆ ಎರಡು ತುಂಡು. ಪಕ್ಕದ ತಿರುಪನ್ನು ಬಿಗಿಮಾಡಿ ಜೋಡಿಸಿದರೆ ಒಂದು ರೈಫಲು. ಎಂಟು ಮೂಲೆಯ ನಳಿಗೆ, ಅದರ ಕೆಳಗೆ ಇನ್ನೊಂದು ಸಣ್ಣ ಕೊಳವೆ, ಆ ಕೊಳವೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ, ಸುತ್ತಲೂ ಗೀರು ಕೊರೆದ ಮರದ ಹಿಡಿ. ತೂಕ ಆರು ಪೌಂಡಿನಷ್ಟು. ಊರಿನ ಜೋಡುನಳಿಗೆ ಕೋವಿಯನ್ನು ಕಂಡವರಿಗೆ ಇದು ಮಕ್ಕಳ ಆಟಿಕೆಯಂತೆ ತೋರೀತು. ಆಟಿಕೆಯಲ್ಲವೆಂಬುದಕ್ಕೆ ಸಾಕ್ಷಿ ಅದೇ ಮನೆಯಲ್ಲಿತ್ತು.

ಇದು ಅಮೆರಿಕದ ವಿಂಚೆಸ್ಟರ್ ಕಂಪನಿಯ 1890ನೆಯ ಮಾದರಿಯ ಪಂಪ್ ರೈಫಲು. ಸೈಕಲ್ಲಿಗೆ ಗಾಳಿ ಹೊಡೆಯುವಂತೆ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ನೂಕುವುದರಿಂದ ಪಂಪ್ ಎಂಬ ಹೆಸರು. ಎಡಗೈಯಿಂದ ಹಿಡಿಯನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ, ಹ್ಯಾಮರು ಏಳುತ್ತದೆ. ಮುಂದಕ್ಕೆ ನೂಕಿದರೆ ಹೊಸ ತೋಟಾ ನಳಿಗೆಯೊಳಗೆ ಹೋಗಿ ಕೂರುತ್ತದೆ. ಬಲಗೈ ಕುದುರೆಯ ಬಳಿಯೇ ಇರುತ್ತದೆ, ಕಣ್ಣು ಗುರಿಯಿಂದ ಕದಲುವುದಿಲ್ಲ. ಇಷ್ಟೇ ಅದರ ಜಾಣ್ಮೆ.

ಈ ಜಾಣ್ಮೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಇಂಥ ಏರ್ಪಾಡಿಗೆ ಬ್ರಿಟನ್ನಿನ ಅಲೆಗ್ಸಾಂಡರ್ ಬೇನ್ ಎಂಬಾತ 1854ರಲ್ಲೇ ಪೇಟೆಂಟು ಪಡೆದಿದ್ದ. 1882ರಲ್ಲಿ ಸ್ಪೆನ್ಸರ್ ಎಂಬಾತನ ಚರೆಕೋವಿ ಈ ರೀತಿಯದಾಗಿ ಮಾರುಕಟ್ಟೆಗೆ ಬಂತು. 1884ರಲ್ಲಿ ಕೋಲ್ಟ್ ಕಂಪನಿ 'ಲೈಟ್ನಿಂಗ್', ಅಂದರೆ ಮಿಂಚು, ಎಂಬ ಹೆಸರಿನ ಪಂಪ್ ರೈಫಲನ್ನು ಹೊರತಂದಿತು. ಆಮೇಲೆ ವಿಂಚೆಸ್ಟರಿನವರಿಗಾಗಿ ಈ ಸಣ್ಣ ರೈಫಲನ್ನು ರೂಪಿಸಿಕೊಟ್ಟವರು ಯೂಟಾ ಪ್ರಾಂತದ ಆಗ್ಡೆನ್ ಊರಿನ ಜಾನ್ ಬ್ರೌನಿಂಗ್ ಮತ್ತು ಅವನ ತಮ್ಮ ಮ್ಯಾಥ್ಯೂ. ತಂದೆಯ ಕಾಲದಿಂದಲೂ ಕೋವಿ ಮಾಡುವ ಕಸುಬಿನ ಮನೆತನ ಅವರದು. 1890ರಿಂದ 1932ರ ವರೆಗೆ ಈ ಮಾದರಿಯ ಸುಮಾರು 8.5 ಲಕ್ಷ ರೈಫಲುಗಳು ಕಾರ್ಖಾನೆಯಿಂದ ಹೊರಬಿದ್ದವು. ಅಮೆರಿಕದ ಜಾತ್ರೆಗಳಲ್ಲಿ ಕಾಸು ಕೊಟ್ಟು ಗೊಂಬೆಗೆ ಗುರಿಯಿಡುವ ಅಂಗಡಿಗಳಲ್ಲೆಲ್ಲ ಇದೇ ಇರುತ್ತಿತ್ತು.

ಈ ಕೋವಿ ದಂಡಿಗೆ ಏಕೆ ಹೋಗಲಿಲ್ಲ ಎಂದು ವಾಚಕರು ಕೇಳಬಹುದು. ನೆಲದ ಮೇಲೆ ಬೋರಲು ಮಲಗಿ ಮೊಣಕೈ ಊರಿದ ಸಿಪಾಯಿಗೆ ಮುಂದಿನ ಹಿಡಿಯನ್ನು ಎಳೆದಾಡುವುದು ಕಷ್ಟ. ಇನ್ನೊಂದು ತೊಡಕು ಕೊಳವೆಯದು. ಕೊಳವೆಯೊಳಗೆ ತೋಟಾಗಳು ಒಂದರ ಬೆನ್ನಿಗೆ ಇನ್ನೊಂದರ ಮೂತಿ ತಾಗಿಕೊಂಡು ನಿಲ್ಲುತ್ತವೆ. ದೊಡ್ಡ ತೋಟಾಗಳಲ್ಲಿ ಕೇಪು ಇರುವುದು ಬೆನ್ನಿನ ನಟ್ಟನಡುವೆ. ಹಿಂದಿನ ತೋಟಾದ ಗುಂಡು ಚೂಪಾಗಿದ್ದರೆ, ಅದು ಮುಂದಿನದರ ಕೇಪಿಗೆ ಬಡಿದು ಕೊಳವೆಯಲ್ಲೇ ಸಿಡಿಯುವ ಭಯ. ರೆಮಿಂಗ್ಟನ್ ಕಂಪನಿಗಾಗಿ ಜಾನ್ ಪೆಡರ್ಸನ್ ರೂಪಿಸಿದ 14ನೆಯ ಮಾದರಿಯ ಪಂಪ್ ರೈಫಲಿನಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಕೊಳವೆಗೆ ತಿರುಪಿನಂತೆ ಸುತ್ತು ಕೊಟ್ಟು, ತೋಟಾಗಳ ಮೂತಿ ಕೇಪಿಗೆ ನೇರವಾಗಿ ತಾಗದಂತೆ ವಾರೆಯಾಗಿ ನಿಲ್ಲಿಸಿದರು. ಗೌಡರ ರೈಫಲಿಗೆ ಆ ಚಿಂತೆಯಿಲ್ಲ. ಅದರದು ಪಾಯಿಂಟ್ ಟೂಟೂ ತೋಟಾ, ಅಂದರೆ ಸುಮಾರು 5.6 ಮಿಲಿಮೀಟರಿನ ಸಣ್ಣ ಗುಂಡು. ಅದರ ಸಿಡಿಮದ್ದು ಅಂಚಿನ ಸುತ್ತಲೂ ಇರುತ್ತದೆಯೇ ಹೊರತು ನಡುವೆಯಲ್ಲ. ಹೀಗೆ ಪಂಪ್ ರೈಫಲು ದಂಡಿನ ಪಾಲಾಗದೆ ಶಿಕಾರಿಯ, ಸಂಸಾರಸ್ಥರ ಕೋವಿಯಾಗಿ ಉಳಿಯಿತು.

ನಮ್ಮ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ ಬೇರೆಯೇ ಇದೆ. ರೈಫಲಿನ ಹಿಂಬದಿಯ ಉಕ್ಕಿನ ಪಟ್ಟಿಯ ಅಡಿಯಲ್ಲಿ ಒಂದು ಸಂಖ್ಯೆ ಒತ್ತಿದೆ. ವಿಂಚೆಸ್ಟರ್ ಕಾರ್ಖಾನೆಯವರು ಹೊರಗೆ ಕಳಿಸಿದ ಕೋವಿಗಳನ್ನು ಸಂಖ್ಯೆವಾರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕಗಳಲ್ಲಿ ಬಹಳಷ್ಟು ವಯೋಮಿಂಗ್ ಪ್ರಾಂತದ ಕೋಡಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು, ಗುಮಾಸ್ತರು ಬರೆದ ಅಕ್ಷರ ಉಳಿಯಿತು. ಕಡತ ಬರೆಯುವವರನ್ನು ಹಗುರವಾಗಿ ಕಾಣುವ ಜನ ಇದನ್ನು ಕೊಂಚ ನೆನಪಿಡಬೇಕು.

ಗೌಡರ ಬಳಿಯೂ ಒಂದು ಕಡತವಿತ್ತು. 1947ರಲ್ಲಿ ಊರು ಬಿಟ್ಟು ಹೊರಟ ತೋಟದ ದೊರೆಯೊಬ್ಬನಿಂದ ಅವರ ತಂದೆ ಇದನ್ನು ಕೊಂಡದ್ದು. ಆಗ ನಡೆಯುತ್ತಿದ್ದುದು 1878ರ ಶಸ್ತ್ರ ಕಾಯಿದೆ. ಆಮೇಲೆ 1959ರ ಕಾಯಿದೆ ಬಂದು 1962ರಲ್ಲಿ ಜಾರಿಯಾಯಿತು. ತಂದೆ ತೀರಿಕೊಂಡ ಮರುವರ್ಷ, 1995ರಲ್ಲಿ, ಪರವಾನಗಿ ಗೌಡರ ಹೆಸರಿಗೆ ಬಂತು. ಒಂದೊಂದು ನವೀಕರಣದ ಮುದ್ರೆಯೂ ಅದರಲ್ಲಿದೆ. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿರೆಂದು ಆದೇಶ ಬಂದಾಗ ಒಪ್ಪಿಸಿದ ರಸೀದಿಗಳೂ ಇವೆ. "ಇಷ್ಟು ವರ್ಷದಲ್ಲಿ ಎಷ್ಟು ಈಡು ಹೊಡೆದಿರಿ?" ಎಂದು ಕೇಳಿದೆವು. "ಒಂದೂ ಇಲ್ಲ" ಎಂದರು.

ಹೊಡೆಯುವುದಾದರೂ ಯಾವುದಕ್ಕೆ? ನಮ್ಮಲ್ಲಿ ಅನೇಕರು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಓದಿದವರೇ. ಬೆಂಗಳೂರಿನ ಆ ಬೇಟೆಗಾರನ ಕೈಯಲ್ಲಿದ್ದುದು ಇದೇ ವಿಂಚೆಸ್ಟರ್ ಕಂಪನಿಯ, ಇದೇ ಬ್ರೌನಿಂಗನ ಬುದ್ಧಿಯಿಂದ ಬಂದ, ಪಾಯಿಂಟ್ 405ರ ದೊಡ್ಡ ರೈಫಲು. ಅದು ಪಂಪಿನದಲ್ಲ, ಕುದುರೆಯ ಸುತ್ತಲಿನ ಸನ್ನೆಯನ್ನು ಕೆಳಕ್ಕೆಳೆದು ತೋಟಾ ಏರಿಸುವಂಥದು. ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಪರವಾನಗಿ ಪಡೆದು ಬೇಟೆಯಾಡುವ ಅವಕಾಶವೂ 1991ರ ತಿದ್ದುಪಡಿಯಿಂದ ಹೋಯಿತು. ಮುಂಬಯಿಯವರಾದ ನಮಗೆ ಇದರ ಪಾಠ ಇನ್ನೂ ಹಳೆಯದು. ಸುಮಾರು ಹತ್ತು ವರ್ಷದ ಬಾಲಕನೊಬ್ಬ ಗಾಳಿಕೋವಿಯಿಂದ ಒಂದು ಗುಬ್ಬಚ್ಚಿಯನ್ನು ಹೊಡೆದ. ಅದರ ಕೊರಳಿನಲ್ಲಿ ಹಳದಿ ಮಚ್ಚೆ ಕಂಡು, ಇದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬವರು ಹುಡುಗನನ್ನು ಗದರಿ ಕಳಿಸದೆ, ಕಪಾಟುಗಳನ್ನು ತೆಗೆದು ಹಕ್ಕಿಗಳ ಸಂಗ್ರಹವನ್ನು ತೋರಿಸಿದರು. ಆ ಬಾಲಕನೇ ಮುಂದೆ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ. ಒಂದು ಕೋವಿಯಿಂದ ಏನಾಗುತ್ತದೆಂಬುದು ಅದರ ಹಿಂದೆ ನಿಂತ ದೊಡ್ಡವರನ್ನೂ ಅವಲಂಬಿಸಿದೆ ಎಂದು ನಮಗೆ ತೋರುತ್ತದೆ.

ಇನ್ನು ಗೌಡರ ಕೆಲಸಕ್ಕೆ ಬರೋಣ. ಅವರಿಗೆ ಒಬ್ಬ ಮಗ, ಒಬ್ಬ ಮಗಳು. ಮಗ ಕೆನಡಾದಲ್ಲಿದ್ದಾನೆ. ಮಗಳು ಠಾಣೆಯಲ್ಲಿ ಸಂಸಾರ ಹೂಡಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ತಾವಿರುವಾಗಲೇ ಕೋವಿಯನ್ನು ಯಾರಿಗಾದರೂ ಒಪ್ಪಿಸಬೇಕೆಂದು ಗೌಡರ ಹಂಬಲ. ಆ ದಿನ ಮಗಳೂ ಬಂದಿದ್ದಳು. ಊರಿನಿಂದ ಬಂದಿದ್ದ ನೆಂಟರೊಬ್ಬರು, "ಕೋವಿ ಗಂಡುಮಕ್ಕಳ ಸೊತ್ತು. ಹೆಣ್ಣಿಗೆ ಕೊಟ್ಟರೆ ಮನೆತನದ ಹೊರಗೆ ಹೋದ ಹಾಗೆ" ಎಂದು ತಕರಾರು ಎತ್ತಿದರು. ಫೋನಿನಲ್ಲಿ ಮಗನ ಅಭಿಪ್ರಾಯ ಬೇರೆ. "ಮಾರಿಬಿಡಿ ಅಪ್ಪ. ಪರದೇಶದ ಹಳೆಯ ಕೋವಿಗೆ ನಮ್ಮಲ್ಲಿ ಒಳ್ಳೆಯ ಬೆಲೆ ಬರುತ್ತದಂತೆ."

ಮನೆಯಾಕೆ ಅಡಿಗೆಮನೆಯ ಬಾಗಿಲಿನಿಂದಲೇ, "ಯಾರಿಗೆ ಬೇಕಾದರೂ ಕೊಡಿ, ನನ್ನ ತಲೆಯ ಮೇಲೆ ಮಾತ್ರ ಬಿಟ್ಟು ಹೋಗಬೇಡಿ" ಎಂದರು. ಅದು ತಮಾಷೆಯ ಮಾತಾಗಿರಲಿಲ್ಲ. ಅವರ ಪರಿಚಯದ ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡ ಮೇಲೆ ಕೋವಿ ಕಪಾಟಿನ ಮೇಲೆ ನಾಲ್ಕು ವರ್ಷ ಹಾಗೆಯೇ ಇತ್ತಂತೆ. ಪರವಾನಗಿ ಸತ್ತವರ ಹೆಸರಿನಲ್ಲಿ, ಕೋವಿ ಬದುಕಿದವರ ಮನೆಯಲ್ಲಿ. ಕಾನೂನಿನ ಕಣ್ಣಿನಲ್ಲಿ ಅದು ಪರವಾನಗಿಯಿಲ್ಲದ ಆಯುಧ, ಶಿಕ್ಷೆಗೆ ಗುರಿಯಾಗುವ ಅಪರಾಧ. ಆ ವಿಧವೆ ಒಂದು ದಿನ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಯಾರು ಹಿಡಿದಾರೋ ಎಂದು ನಡುಗುತ್ತ ರಿಕ್ಷಾ ಹತ್ತಿ ಠಾಣೆಗೆ ಹೋಗಬೇಕಾಯಿತು.

ನಾವು ತಿಳಿದಷ್ಟನ್ನು ಹೇಳಿದೆವು. 2016ರ ಶಸ್ತ್ರ ನಿಯಮಗಳ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ತಮ್ಮ ಕಾನೂನುಬದ್ಧ ವಾರಸುದಾರರಲ್ಲಿ ತಾವು ಸೂಚಿಸಿದವರಿಗೆ ಪರವಾನಗಿ ಕೊಡಿಸಲು ಅರ್ಜಿ ಹಾಕಬಹುದು. ಗಂಡು ಹೆಣ್ಣೆಂಬ ಭೇದ ಅದರಲ್ಲಿಲ್ಲ. ಸಾವಿಗಾಗಿ ಕಾಯಬೇಕಾದುದೂ ಇಲ್ಲ. ಅರ್ಜಿದಾರರು ಸುರಕ್ಷತೆಯ ತರಬೇತಿ ಪಡೆದಿರಬೇಕು, ಪೊಲೀಸ್ ತಪಾಸಣೆ ಆಗಬೇಕು. ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಕೇಳುವುದೂ ವಾಡಿಕೆ. 2019ರ ತಿದ್ದುಪಡಿಯ ಮೇಲೆ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಪರವಾನಗಿಯ ಅವಧಿ ಮೂರು ವರ್ಷವಿದ್ದುದು ಐದಾಯಿತು. ಯಾರಿಗೂ ಬೇಡವೆಂದಾದರೆ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ರಸೀದಿ ಪಡೆದು ಒಪ್ಪಿಸುವ ದಾರಿ ಇದ್ದೇ ಇದೆ.

ನೆಂಟರು ಸುಮ್ಮನಾಗಲಿಲ್ಲ. "ಕೊಡಗಿನವರನ್ನು ನೋಡಿ. ಕೋವಿಯೆಂದರೆ ಗಂಡಸುತನ" ಎಂದರು. ಕೊಡಗಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯಿದೆ. ಸೆಪ್ಟೆಂಬರಿನ ಕೈಲ್‌ಪೊಳ್ದಿನ ದಿನ ಕೋವಿಗೆ 'ತೋಕ್ ಪೂ' ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಕೊಡವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿ ದೊರೆಯಿತು. ಅದು ಇಂದಿಗೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಕೋವಿಗೆ ಹೂ ಮುಡಿಸುವುದು ಗಂಡಸುತನದ ಜಂಬಕ್ಕಲ್ಲ, ಅದನ್ನು ಮನೆಯ ಹಿರಿಯನಂತೆ ಮರ್ಯಾದೆಯಿಂದ ಇಡುವುದಕ್ಕೆ ಎಂದೇ ನಾವು ತಿಳಿದಿದ್ದೇವೆ. ಅಲ್ಲಿನ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳಲ್ಲಿ ಹೆಂಗಸರೂ ನಿಲ್ಲುತ್ತಾರೆ. ಅಷ್ಟೇಕೆ, ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಈ ಮುಂಬಯಿಯ ಕಡೆಯೇ ನೆಲೆಸಿದ ಸುಮಾ ಶಿರೂರ್ ಅವರು 2004ರಲ್ಲಿ ಗಾಳಿರೈಫಲಿನಲ್ಲಿ 400ಕ್ಕೆ 400 ಅಂಕ ಗಳಿಸಿ ವಿಶ್ವದಾಖಲೆಗೆ ಸಮನಾದರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನ ಅಂತಿಮ ಸುತ್ತನ್ನೂ ಮುಟ್ಟಿದರು. ಗುರಿಗೆ ಬೇಕಾದುದು ಮೀಸೆಯಲ್ಲ.

ಆಗ ಗೌಡರು ಎದ್ದು ಕಿಟಕಿಯ ಬಳಿ ಹೋಗಿ ತಾಮ್ರದ ಕೊಡವನ್ನು ನಮ್ಮ ಕಡೆಗೆ ತಿರುಗಿಸಿದರು. ಹೊಟ್ಟೆಯ ಭಾಗದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ತೂತು.

"ಆಗ ನನಗೆ ಹನ್ನೊಂದು ವರ್ಷ. ಅಪ್ಪಯ್ಯ ತೋಟದಿಂದ ಬಂದವರು ಕೊಳವೆಯ ಸರಳು ಎಳೆದು ತೋಟಾಗಳನ್ನೆಲ್ಲ ಸುರಿದು, ಕೋವಿಯನ್ನು ಗೋಡೆಗೆ ಒರಗಿಸಿ ಕೈಕಾಲು ತೊಳೆಯಲು ಹೋದರು. ಖಾಲಿಯಾಯಿತೆಂದು ನಾನು ಎತ್ತಿಕೊಂಡೆ. ಕೊಳವೆ ಖಾಲಿ, ನಿಜ. ನಳಿಗೆಯೊಳಗೆ ಒಂದು ಕೂತಿತ್ತು. ಹೆಬ್ಬೆರಳಿನಿಂದ ಹ್ಯಾಮರು ಎತ್ತಿ ಕುದುರೆ ಎಳೆದೆ. ಅಡಿಗೆಮನೆಯ ಬಾಗಿಲ ಹಲಗೆ ತೂರಿ ಹೋಯಿತು. ಒಳಗೆ ಅವ್ವ ಹಲಸಿನಕಾಯಿ ಹೆಚ್ಚುತ್ತ ಕೂತಿದ್ದಳು. ಆಮೇಲೆ ನನಗೆ ಕೇಳಿಸಿದ್ದು ನೀರು ಸುರಿಯುವ ಶಬ್ದ ಒಂದೇ. ಅವ್ವನ ತಲೆಗೂ ಆ ಕೊಡಕ್ಕೂ ನಡುವೆ ಒಂದು ಗೇಣು ಇರಲಿಲ್ಲ."

ಮಾತು ನಿಂತಿತು. ಫೋನಿನ ಆ ತುದಿಯಲ್ಲಿ ಮಗನೂ ಕೇಳುತ್ತಿದ್ದ.

"ಅಪ್ಪಯ್ಯ ನನ್ನನ್ನು ಹೊಡೆಯಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ, ಅಷ್ಟೇ. ಕೊಡಕ್ಕೆ ಬೆಸುಗೆ ಹಾಕಿಸಲು ಅವ್ವ ಕೇಳಿದರೆ, ಬೇಡ, ಹಾಗೇ ಇರಲಿ, ತಪ್ಪು ನನ್ನದು ಎಂದರು. ಈ ಸಂಗತಿಯನ್ನು ನಾನು ಮಕ್ಕಳಿಗೆ ಇದುವರೆಗೆ ಹೇಳಿರಲಿಲ್ಲ. ಕೋವಿ ಕೊಡುವುದಾದರೆ ಇದನ್ನೂ ಕೂಡಿಸಿಯೇ ಕೊಡಬೇಕು ಅನ್ನಿಸಿತು."

ಗೌಡರು ರೈಫಲನ್ನು ಮಗಳ ಕೈಗೆ ಕೊಟ್ಟರು. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ ಪಾಯಿಂಟ್ ಟೂಟೂ ರೈಫಲಿನಿಂದ ಗುರಿ ಹೊಡೆದಿದ್ದ ಹುಡುಗಿ ಅವಳು. ತೆಗೆದುಕೊಂಡವಳು ಭುಜಕ್ಕೂ ಏರಿಸಲಿಲ್ಲ, ಕುದುರೆಯನ್ನೂ ಮುಟ್ಟಲಿಲ್ಲ. ಬಾಯಿಯನ್ನು ಗೋಡೆಯ ಕಡೆಗೆ ನೆಲಕ್ಕೆ ತಿರುಗಿಸಿ, ಹಿಡಿಯನ್ನು ಹಿಂದಕ್ಕೆಳೆದು ನಳಿಗೆಯೊಳಗೆ ಇಣುಕಿದಳು. ಮುಂದಕ್ಕೆ ನೂಕಿ, ಮತ್ತೊಮ್ಮೆ ಎಳೆದು, ಬೆರಳಿಟ್ಟು ನೋಡಿದಳು. "ಖಾಲಿ ಇದೆ, ಅಪ್ಪ" ಎಂದಳು.

ಆ ಹಿಡಿಯನ್ನು ಒಮ್ಮೆ ಹಿಂದಕ್ಕೆ ಎಳೆದಿದ್ದರೆ ಒಳಗೆ ಕೂತಿದ್ದ ತೋಟಾ ಅಂದೇ ಹೊರಗೆ ಹಾರುತ್ತಿತ್ತು. ಅಂದು ಯಾರೂ ಮಾಡದಿದ್ದುದನ್ನು ಇವಳು ಯಾರೂ ಹೇಳದೆ ಮಾಡಿದಳು. ನೆಂಟರು ಮತ್ತೆ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫೋನಿನಲ್ಲಿ ಮಗ, "ಒಪ್ಪಿಗೆ ಪತ್ರದಲ್ಲಿ ಏನು ಬರೆಯಬೇಕೆಂದು ಕಳಿಸಿ ಅಪ್ಪ, ಸಹಿ ಮಾಡುತ್ತೇನೆ" ಎಂದ.

ಅಂದು ಸಂಜೆ ಅರ್ಜಿಯ ಕರಡನ್ನು ನಾವೇ ಬರೆದುಕೊಟ್ಟೆವು. ಪರವಾನಗಿ ಮಗಳ ಹೆಸರಿಗೆ ಬರಲು ಇನ್ನೂ ಎಷ್ಟೋ ಓಡಾಟವಿದೆ. ಬಂದ ಮೇಲೂ ಆ ಕೋವಿ ಕಪಾಟಿನಲ್ಲೇ ಇರುವುದೆಂದು ನಮ್ಮ ಎಣಿಕೆ. ಇರಲಿ. ಇಟ್ಟುಕೊಳ್ಳುವುದೂ ಒಂದು ಕೆಲಸವೇ.

ನಮ್ಮ ವಾಚಕರ ಮನೆಗಳಲ್ಲಿಯೂ, ಊರಿನ ಮೂಲಮನೆಗಳಲ್ಲಿಯೂ, ಅಜ್ಜನ ಕಾಲದ ಕೋವಿಯೊಂದು ಮೂಲೆಯಲ್ಲಿ ಇದ್ದೀತು. ಅದು ಯಾರ ಹೆಸರಿನಲ್ಲಿದೆ, ಪರವಾನಗಿಯ ಅವಧಿ ಎಂದಿನ ವರೆಗೆ, ಮುಂದೆ ಯಾರು ಹೊಣೆ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ತಿಳಿಯಿರಿ. ಹೊರಲು ಮನಸ್ಸಿಲ್ಲದಿದ್ದರೆ ಸಂಕೋಚವಿಲ್ಲದೆ ಒಪ್ಪಿಸಿಬಿಡಿ. ಇಟ್ಟುಕೊಳ್ಳುವುದಾದರೆ ತೋಟಾ ಬೇರೆ, ಕೋವಿ ಬೇರೆ, ಎರಡಕ್ಕೂ ಬೀಗ. ಖಾಲಿಯೆಂದು ಯಾರು ಹೇಳಿದರೂ ನಿಮ್ಮ ಕಣ್ಣಿನಿಂದ ನೋಡುವ ವರೆಗೆ ನಂಬಬೇಡಿ.

ಹೊರಡುವಾಗ ಮನೆಯಾಕೆ ಕುಂಕುಮದ ಜತೆಗೆ ಒಂದು ಪೊಟ್ಟಣ ಕಾಫಿಪುಡಿ ಕೊಟ್ಟರು. ಕೊಡದಲ್ಲಿನ ಗಿಡಕ್ಕೆ ಆಗಷ್ಟೇ ನೀರು ಹಾಕಿದ್ದರು. ತೂತಿನಿಂದ ಹನಿಹನಿಯಾಗಿ ಜಿನುಗುತ್ತಿತ್ತು. ಮಗಳು ಬಟ್ಟೆ ತಂದು ನೆಲ ಒರೆಸಿದಳು.